ಬೈಗುಳದ ನೆಂಟಸ್ತಿಕೆ

ಇವತ್ತೂ ಯೇರೋ ಜಲ್ಲೋ ಬೈಯಲಿಲ್ಲ. ಬ್ರೆಡ್ಡು ತರುವ ನೆಪದಲ್ಲಿ ಮುತೇಸಿ ತಾರಸಿಯ ಕೋಣೆಯಿಂದ ಇಳಿದು, ಕೆಳಗಿನ ಅವನ ಹೊಲಿಗೆ ಅಂಗಡಿಯ ಮುಂದೆ ಬೇಕೆಂದೇ ನಿಧಾನವಾಗಿ ನಡೆದಳು. ಚಪ್ಪಲಿ ಎಳೆದು ಸದ್ದು ಮಾಡಿದಳು. ಒಮ್ಮೆ ಕೆಮ್ಮಿದಳು ಕೂಡ. ಅವನು ಮಿಷನ್ನಿನ ಗಾಲಿಯ ಮೇಲೆ ಅಂಗೈ ಒತ್ತಿ ನಿಲ್ಲಿಸಿದ, ಕನ್ನಡಕವನ್ನು ಹಣೆಗೇರಿಸಿದ, ಎದ್ದು ನಿಂತ. ಆ ಎದ್ದು ನಿಂತದ್ದೇ ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. "ನಮಸ್ಕಾರ ಮೇಡಂ. ರಾತ್ರಿ ನೆಮ್ಮದಿಯಾಗಿ ಕಳೀತಾ? ಊರಲ್ಲಿ ತಾಯಿಯವರು ಸೌಖ್ಯವಾ? ಕೆಲಸ ಸುಸೂತ್ರವಾ?" ಎಂದು ಒಂದನ್ನೂ ಬಿಡದೆ ಕೇಳಿದ. ಅವಳು ಒಂದೊಂದಕ್ಕೂ "ದೇವರ ದಯೆ" ಎಂದಳು. ಅಷ್ಟೂ ಮುಗಿದ ಮೇಲೆ ಅವನು ಕೂತು ಮತ್ತೆ ಗಾಲಿ ತಿರುಗಿಸಿದ. ಕೆಲವು ವಾರಗಳ ಹಿಂದಾದರೆ ಇದೇ ಮನುಷ್ಯ, ಅವಳು ಕೊನೆಯ ಮೆಟ್ಟಿಲಿಗೆ ಕಾಲಿಡುವ ಮೊದಲೇ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಬಂದ್ಳಪ್ಪಾ ಫಾಯ್ ಮನೆ ಹೊಟ್ಟೆಬಾಕಿ! ಏ ನನ್ನ ಆಳೇ, ರಾತ್ರಿ ಎಷ್ಟು ಬಟ್ಟಲು ಅನ್ನ ಮುಗಿಸಿದ್ಯೇ? ಮೆಟ್ಟಿಲು ಅಳ್ತಾ ಇತ್ತು, ಇಲ್ಲಿಗೆ ಕೇಳಿಸ್ತು!" ಆಗ ಅವಳು ತಲೆ ತಗ್ಗಿಸಿ, ಗೋಡೆಯ ಪಕ್ಕಕ್ಕೆ ಸರಿದು, ಇಲ್ಲದವಳಂತೆ ದಾಟಿಹೋಗುತ್ತಿದ್ದಳು. ಆ ಬಾಯಿ ನಿಲ್ಲಲಿ ಎಂದು ದೇವರಲ್ಲಿ ಬೇಡಿಕೊಂಡದ್ದೂ ಉಂಟು. ದೇವರಿಗೆ ಬೇಡದ ಕಡೆಯೇ ಕಿವಿ ಚುರುಕು, ನಿಲ್ಲಿಸಿಬಿಟ್ಟಿದ್ದ. ಈಗ ಡಾಕಾರಿನ ಈ ಯೋಫ್ ಬಡಾವಣೆಯಲ್ಲಿ, ಸಮುದ್ರದ ಗಾಳಿ, ಒಣಮೀನಿನ ವಾಸನೆ, ಮಕ್ಕಳ ಗಲಾಟೆಯ ನಡುವೆ, ಅವಳಿಗೆ ತಾನು ಅನಾಥೆ ಎನ್ನಿಸತೊಡಗಿತ್ತು.

ಅವಳು ಫಾಯ್ ಮನೆಯವಳೇನೂ ಅಲ್ಲ. ಕಿಗಾಲಿಯವಳು, ಒಂದು ಪೆಟ್ಟಿಗೆ, ಒಂದು ಲ್ಯಾಪ್‌ಟಾಪು ಹಿಡಿದು ಡಾಕಾರಿಗೆ ಬಂದವಳು. ಇದಕ್ಕೆ ಮೊದಲು ಮೊಂಬಾಸಾದಲ್ಲಿದ್ದಳು, ಅದಕ್ಕೂ ಮೊದಲು ಅಕ್ರಾದಲ್ಲಿ. ಇಂಟರ್ನೆಟ್ಟು ಸಿಕ್ಕುವ ಯಾವ ಊರಾದರೂ ಅವಳ ಕಂಪನಿಗೆ ಒಂದೇ, ಆದ್ದರಿಂದ ಅವಳಿಗೂ ಒಂದೇ ಎಂದು ತಿಳಿದಿದ್ದಳು. ಪೆಟ್ಟಿಗೆಯ ತಳದ ಬಟ್ಟೆಗಳನ್ನು ಯಾವ ಊರಲ್ಲೂ ಹೊರಗೆ ತೆಗೆಯುತ್ತಿರಲಿಲ್ಲ, ಹೇಗೂ ಮತ್ತೆ ಮಡಿಸಬೇಕಲ್ಲ ಎಂದು. ಈ ಮನೆಯ ಒಡತಿ ಯಾಯ್ ದಿಬೋರ್ ಫಾಯ್. ಯಾಯ್ ಎಂದರೆ ಅಮ್ಮ, ಇಡೀ ಬೀದಿಗೆ ಆಕೆ ಯಾಯ್. ಬಾಡಿಗೆಯ ಮಾತು ಮುಗಿದ ಗಳಿಗೆಯಲ್ಲೇ ಆಕೆ ಕೇಳಿದ್ದು, "ನಿನ್ನ ಕುಲದ ಹೆಸರೇನು?" ಮುತೇಸಿಯ ಊರಲ್ಲಿ ಆ ಪ್ರಶ್ನೆಯನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ಒಂದು ಕಾಲದಲ್ಲಿ ಕೇಳಿ, ಕೇಳಿದ ಮೇಲೆ ನೆರೆಯವರೇ ನೆರೆಯವರನ್ನು ಕೊಂದು, ಆಗಬಾರದ್ದೆಲ್ಲ ಆಗಿ, ಈಗ ಅದು ಬಾಯಿಗೆ ತರಬಾರದ ಮಾತು. ಅವಳು ಹುಟ್ಟುವ ಹೊತ್ತಿಗೆ ಅದೆಲ್ಲ ಮುಗಿದಿತ್ತು. ಆದರೂ ಬೀದಿಯಲ್ಲಿ ಯಾರಾದರೂ ದನಿಯೆತ್ತಿದರೆ ಅಮ್ಮ ಇಂದಿಗೂ ಎದ್ದು ಹೋಗಿ ಕಿಟಕಿ ಮುಚ್ಚುತ್ತಾಳೆ. ಮುತೇಸಿ ತಡವರಿಸುವುದನ್ನು ನೋಡಿ ಯಾಯ್, "ಇಲ್ವಾ? ಕುಲದ ಹೆಸರಿಲ್ದೆ ಯಾರಾದ್ರೂ ಬದುಕ್ತಾರಾ? ಇವತ್ತಿಂದ ನೀನು ಫಾಯ್. ಮುಗೀತು ಹೋಗು" ಎಂದು ತೀರ್ಮಾನ ಕೊಟ್ಟಿದ್ದಳು. ಫಾಯ್ ಎಂದರೆ ಸಜ್ಜೆ ಬೆಳೆಯುವ ಸೆರೇರ್ ಜನ. ಜಲ್ಲೋ ಎಂದರೆ ದನ ಕಾಯುವ ಫುಲಾ ಜನ. ಇಬ್ಬರಿಗೂ ಅಜ್ಜಂದಿರ ಅಜ್ಜಂದಿರ ಕಾಲದಿಂದ ಬೈಗುಳದ ನೆಂಟಸ್ತಿಕೆ: ಎದುರಾದಾಗಲೆಲ್ಲ ಆಳು, ಕಳ್ಳ, ಹೊಟ್ಟೆಬಾಕ ಎಂದು ಪರಸ್ಪರ ಜಾಲಾಡಬೇಕು, ಯಾರೂ ಕೋಪ ಮಾಡಿಕೊಳ್ಳಬಾರದು. ನಮ್ಮ ಭಾವಮೈದುನರ ಸಲಿಗೆ ಅಲ್ಲಿ ಎರಡು ಜನಾಂಗಕ್ಕೇ ಇದೆ. ಇದನ್ನು ಮುತೇಸಿಗೆ ಯಾರೂ ಹೇಳಿಕೊಡಲಿಲ್ಲ, ಏಕೆಂದರೆ ಹೇಳಿಕೊಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಮೇಲೆ ಬಂದು ಲ್ಯಾಪ್‌ಟಾಪು ತೆರೆದಾಗ ಎದುರಿಗೆ ಟಗರು ನಿಂತಿತ್ತು. ಯಾಯ್‌ಳ ಮಗಳು ತೆನಿಂಗ್‌ಗೆ ಹೆಣ್ಣುಮಗುವಾಗಿ, ನಾಳೆ ನಾಮಕರಣ. ಅದಕ್ಕೆ ತರಿಸಿದ ಬಿಳಿಯ ಟಗರು, ತಾರಸಿಯಲ್ಲಿ ನೆರಳಿರುವ ಒಂದೇ ಜಾಗವಾದ ಅವಳ ಬಾಗಿಲಿಗೇ ಕಟ್ಟಿತ್ತು. ನಿನ್ನೆ ಅದು ಅರಚಿದಾಗ ಮೇಲಧಿಕಾರಿ ಹಿಲ್ಡೆ ಪರದೆಯೊಳಗಿಂದ, "ಮುತೇಸಿ, ನಿಮ್ಮ ಕಡೆ ಯಾರೋ ಮಾತಾಡ್ತಿದ್ದಾರೆ" ಎಂದಿದ್ದಳು. "ಕ್ಷಮಿಸಿ, ಪಕ್ಕದ ಮನೆಯವರು" ಎಂದು ಹೇಳಿ, ಹಾಗೆ ಹೇಳಿದ್ದಕ್ಕೆ ಟಗರಿನ ಮುಖ ನೋಡಲಾಗದೆ ಮುತೇಸಿ ಕಣ್ಣು ತಗ್ಗಿಸಿದ್ದಳು. ಕ್ಷಮಿಸಿ ಎನ್ನುವುದೇ ಅವಳ ಉದ್ಯೋಗ. ದೂರದ ಚಳಿಯ ದೇಶವೊಂದರಲ್ಲಿ ಹಾಸಿಗೆ ಮಾರುವ ಕಂಪನಿ. ಹಾಸಿಗೆ ಮೆತ್ತಗಾಯಿತು, ಗಟ್ಟಿಯಾಯಿತು, ತಡವಾಗಿ ಬಂತು, ಬೇಗ ಬಂದು ಬಾಗಿಲಲ್ಲಿ ನೆನೆಯಿತು ಎಂದು ಜನ ಬರೆದು ಬೈಯುತ್ತಾರೆ. ಮುತೇಸಿ ಕೂತು ಅವರೆಲ್ಲರ ಕ್ಷಮೆ ಕೇಳುತ್ತಾಳೆ. ಅದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹೆಂಡತಿ ಬಿಟ್ಟುಹೋದದ್ದಕ್ಕೂ ಹಾಸಿಗೆಯೇ ಕಾರಣ ಎಂದು ಬರೆದಿದ್ದ ಒಬ್ಬ ಮನುಷ್ಯ ಅವಳ ಉತ್ತರ ಓದಿ ಇನ್ನೊಂದು ಹಾಸಿಗೆ ತರಿಸಿಕೊಂಡಿದ್ದ. ವಾರದ ಮೀಟಿಂಗಿನಲ್ಲಿ ಆ ವಾರದ ಅತ್ಯುತ್ತಮ ಕ್ಷಮಾಪಣೆಯನ್ನು ಬರೆದವರೇ ಎಲ್ಲರ ಮುಂದೆ ಓದಬೇಕೆಂಬ ಪದ್ಧತಿಯನ್ನು ಹಿಲ್ಡೆ ತಂದಿದ್ದಳು, ನಾಳೆ ಓದುವವಳು ಮುತೇಸಿಯೇ. ಇಷ್ಟೊಂದು ಕ್ಷಮೆ ತನ್ನೊಳಗೆ ಎಲ್ಲಿಂದ ಊರುತ್ತದೆ ಎಂದು ಅವಳಿಗೇ ಆಶ್ಚರ್ಯ. ಬಸ್ಸಿನಲ್ಲಿ ಬೇರೆಯವರು ಕಾಲು ತುಳಿದರೂ ಕ್ಷಮೆ ಕೇಳುವವಳು ಅವಳು. ಚಿಕ್ಕಂದಿನಲ್ಲಿ ತಮ್ಮ ತಟ್ಟೆ ಒಡೆದರೆ ಅವನಿಗಿಂತ ಮೊದಲು ಓಡಿಹೋಗಿ ಕ್ಷಮೆ ಕೇಳಿ, ಏಟೂ ತಿಂದು, ಹೊಡೆದ ಅಮ್ಮನ ಕೈ ನೋಯಿತೇನೋ ಎಂದು ಮತ್ತೊಮ್ಮೆ ಕೇಳಿದವಳು.

ಯೇರೋ ಜಲ್ಲೋನ ಕ್ಷಮೆ ಕೇಳಿದ್ದೂ ಅದೇ ಕೈಗುಣದಿಂದ. ಕೆಲವು ವಾರಗಳ ಹಿಂದೆ ಒಂದು ದಿನ ಅವನ ಅಂಗಡಿಯಲ್ಲಿ ಅಳತೆ ಕೊಡಲು ಬಂದ ಹೆಂಗಸರು ತುಂಬಿದ್ದರು. ಮುತೇಸಿ ಹರಿದ ತೋಳು ಹೊಲಿಸಲು ಹೋಗಿ ಹೊಸ್ತಿಲಲ್ಲೇ ನಿಂತಳು. "ನೋಡ್ರಮ್ಮಾ, ಇವಳು ನಮ್ಮನೆ ಆಳು," ಎಂದು ಅವನು ಶುರುಮಾಡಿದ. "ಇವಳ ಅಜ್ಜನ್ನ ನಮ್ಮಜ್ಜ ಒಂದು ಸೋರೆಬುರುಡೆ ಮೊಸರು ಕೊಟ್ಟು ಕೊಂಡ್ಕೊಂಡಿದ್ದ. ಆಮೇಲೆ ಅವನು ತಿನ್ನೋದು ನೋಡಿ ಎದೆ ಒಡ್ಕೊಂಡು, ಮೊಸರು ನೀವೇ ಇಟ್ಕೊಳ್ಳಿ, ಈ ಪ್ರಾಣೀನ ವಾಪಸ್ ತಗೊಳ್ಳಿ ಅಂತ ಊರೂರು ತಿರುಗಿದ. ಯಾರು ತಗೋತಾರೆ?" ಹೆಂಗಸರು ಹೊಟ್ಟೆ ಹಿಡಿದು ನಕ್ಕರು, ನಕ್ಕು ಎಲ್ಲರೂ ಅವಳ ಕಡೆಗೇ ನೋಡಿದರು. ಅವರು ಕಾದದ್ದು ಅವಳ ಉತ್ತರಕ್ಕೆ. ಅವಳಿಗೆ ಕಂಡದ್ದು ತನ್ನನ್ನು ಸುತ್ತುಗಟ್ಟಿದ ಮುಖಗಳು ಮಾತ್ರ. ಹರಿದ ತೋಳು ಹಾಗೇ ಹಿಡಿದುಕೊಂಡು ಮೇಲೆ ಓಡಿದಳು. ಅಜ್ಜನ ಹೆಸರು, ಕುಲ, ಆಳು: ಆ ಮೂರು ಮಾತು ಒಂದೇ ವಾಕ್ಯದಲ್ಲಿ ಬಂದರೆ ಅವಳ ಊರಲ್ಲಿ ಜನ ಬಾಗಿಲ ಅಗುಳಿ ಹುಡುಕುತ್ತಾರೆ. ಮರುದಿನ ಒಂದು ಪೊಟ್ಟಣ ಖರ್ಜೂರ ಹಿಡಿದು ಹೋಗಿ, ಅವನ ಮುಂದೆ ನೆಟ್ಟಗೆ ನಿಂತು, ತನ್ನ ವೃತ್ತಿಯ ಅಷ್ಟೂ ಜಾಣ್ಮೆ ಹಾಕಿ ಹೇಳಿದಳು: "ನನ್ನಿಂದ ನಿಮಗೆ ಏನಾದ್ರೂ ಬೇಜಾರಾಗಿದ್ರೆ ಮನಃಪೂರ್ವಕ ಕ್ಷಮೆ ಕೇಳ್ತೀನಿ. ನಾನು ಈ ಮನೆಯವಳಲ್ಲ, ಬಾಡಿಗೆಗೆ ಇರೋಳು, ಇನ್ನು ಸ್ವಲ್ಪ ದಿನಕ್ಕೆ ಹೋಗೋಳು. ನಮ್ಮಲ್ಲಿ ಜಗಳ ಬೇಡ." ಅವನು ಕತ್ತರಿ ಕೆಳಗಿಟ್ಟ. ನಗುವಿಗೆಂದು ತೆರೆದಿದ್ದ ಬಾಯಿ ಮುಚ್ಚಿತು. "ಆಗ್ಲಿ ಮೇಡಂ," ಎಂದ. ಮೇಡಂ ಎಂದು ಅವನು ಕರೆದದ್ದು ಅದೇ ಮೊದಲು. ಆ ದಿನ ಅವಳು ಜಗಳವೊಂದು ಬಗೆಹರಿಯಿತೆಂದು ಹಗುರಾಗಿ ಮೆಟ್ಟಿಲು ಹತ್ತಿದ್ದಳು. ಅತಿ ವಿನಯಂ ಧೂರ್ತ ಲಕ್ಷಣಂ ಎನ್ನುತ್ತಾರೆ, ಅವಳದು ಧೂರ್ತತನವಲ್ಲ, ಆದರೆ ಆದ ಕೆಡುಕು ಅದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ಇವತ್ತು ಮಧ್ಯಾಹ್ನ ಮುತೇಸಿ ಕೆಳಗಿನ ಅಂಗಳಕ್ಕೆ ಇಳಿದಾಗ ಯಾಯ್ ಮೊರದಲ್ಲಿ ಸಜ್ಜೆ ಕೇರುತ್ತಿದ್ದಳು. ನಾಮಕರಣದ ಬೆಳಗ್ಗೆ ಸಜ್ಜೆಯ ಗಂಜಿಗೆ ಮೊಸರು ಸುರಿದು ಬಂದವರಿಗೆಲ್ಲ ಕೊಡಬೇಕು. ಸಜ್ಜೆ ಫಾಯ್ ಮನೆಯದು, ಮೊಸರು ಯಾವಾಗಲೂ ಜಲ್ಲೋ ತರುವುದು. ಯಾಯ್ ತಲೆಯೆತ್ತದೆ ಮಾತು ತೆಗೆದಳು. "ಇವತ್ತೂ ಹೋಗಿ ಕರ್ದೆ. ಏನಂದ ಗೊತ್ತಾ? 'ನಿಮ್ಮ ಮಗಳು ನನ್ನ ಹತ್ರ ಕ್ಷಮೆ ಕೇಳಿದ್ದಾಳೆ. ಕ್ಷಮೆ ಕೇಳಿದ ಮನೆಗೆ ಹೋಗಿ ಬೈದ್ರೆ ನಾನು ಮನುಷ್ಯನಾ? ಬೈಯೋ ಹಾಗಿಲ್ಲ ಅಂದ್ಮೇಲೆ ಬಂದು ಏನ್ ಮಾಡ್ಲಿ ದಿಬೋರಮ್ನೋರೇ? ಬೆಳಗ್ಗೆನೇ ಅಂಗಡಿ ಮುಚ್ಚಿ ಥಿಯೆಸ್‌ನಲ್ಲಿ ಇರೋ ತಂಗಿ ಮನೆಗೆ ಹೋಗ್ತೀನಿ' ಅಂದ. ದಿಬೋರಮ್ನೋರು ಅಂದ ಕಣೇ, ನನ್ನ! ಇಷ್ಟು ವರ್ಷ ಮುದಿಗೂಬೆ ಅಂತಿದ್ದೋನು!" ಆಕೆಯ ಕಣ್ಣಂಚು ಒದ್ದೆಯಾಗಿತ್ತು, ಸಜ್ಜೆಯ ಧೂಳೆಂದು ಸೆರಗಿನಿಂದ ಒರೆಸಿಕೊಂಡಳು.

ಮುತೇಸಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. "ಮೊಸರು ಅಂಗಡಿಯಿಂದ ತರಬಹುದಲ್ಲಾ ಯಾಯ್?" ಎಂದು ಮೆಲ್ಲಗೆ ಕೇಳಿದಳು.

"ತರಬಹುದು," ಎಂದಳು ಯಾಯ್. "ಮಗೂನೂ ಅಂಗಡಿಯಿಂದಾನೇ ತರಬಹುದಿತ್ತು. ಈ ತೆನಿಂಗ್ ಸುಮ್ನೆ ಒಂಬತ್ತು ತಿಂಗಳು ಹೊತ್ಲು."

ಒಳಗಿನ ಕೋಣೆಯಿಂದ, ಮಗುವಿಗೆ ಹಾಲೂಡಿಸುತ್ತಿದ್ದ ತೆನಿಂಗ್ ನಕ್ಕಳು. "ನನ್ನ ನಾಮಕರಣದ ದಿನ ಅವನು ನನ್ನ ಕದ್ಕೊಂಡು ಓಡಿದ್ನಂತೆ. 'ಆಳಿನ ಹೊಟ್ಟೇಲಿ ಹುಟ್ಟಿದ್ದು ಒಡೇನಿಗೆ ಸೇರಬೇಕು' ಅಂತ ಕೂಗ್ತಾ ಹೋದ್ನಂತೆ. ಅಪ್ಪ ಮಸೀದಿ ತನಕ ಅಟ್ಟಿಸ್ಕೊಂಡು ಹೋಗಿ ಬಿಡಿಸ್ಕೊಂಡು ಬಂದ್ರಂತೆ. ಹಾಗೆ ಕದ್ದ ಮಗೂಗೇ ಆಯಸ್ಸು ಗಟ್ಟಿ ಅಂತಾರೆ." ಮತ್ತೆ, ಈಗ ನಗದೆ, "ಇದನ್ನ ಯಾರು ಕದೀತಾರೆ?" ಎಂದಳು. ಎಲ್ಲಕ್ಕೂ ಮುತೇಸಿಯ ಬಳಿ ಒಂದು ಸಿದ್ಧ ಉತ್ತರವಿತ್ತು, ಅದನ್ನೇ ಈಗ ಆಡುವಂತಿರಲಿಲ್ಲ.

"ನಾನು ಬೈದ್ರೆ ಆಗಲ್ಲ," ಎಂದಳು ಯಾಯ್, ಮೊರ ಪಕ್ಕಕ್ಕಿಟ್ಟು. "ಗಂಟು ಹಾಕ್ದೋರೇ ಬಿಚ್ಬೇಕು. ಹೋಗು, ಚೆನ್ನಾಗಿ ನಾಲ್ಕು ಬೈದು ಬಾ."

"ಏನಂತ ಬೈಯ್ಲಿ?"

"ಅದನ್ನೂ ಹೇಳಿಕೊಡಬೇಕಾ? ನಿಮ್ಮಮ್ಮ ಏನೇ ಕಲ್ಸಿದ್ಲು ನಿಂಗೆ?"

ಅಮ್ಮ ಕಲಿಸಿದ್ದು ಮೆಲ್ಲಗೆ ಮಾತಾಡುವುದನ್ನು. ತಾರಸಿಗೆ ಬಂದು ಮುತೇಸಿ ಟಗರಿನ ಮುಂದೆ ನಿಂತಳು, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, "ಏ ದನಗಳ್ಳ" ಎಂದಳು. ಟಗರು ಮೆಲುಕು ಹಾಕುವುದನ್ನು ನಿಲ್ಲಿಸಿ ಅವಳನ್ನೇ ನೋಡಿತು. ನಾಳೆ ಇಷ್ಟೊತ್ತಿಗೆ ಇದು ಇರುವುದಿಲ್ಲ ಎಂಬುದು ನೆನಪಾಗಿ, ಅದರ ಕ್ಷಮೆ ಕೇಳಿ, ಒಂದು ಹಿಡಿ ಹುಲ್ಲು ಹಾಕಿ ಕೆಳಗಿಳಿದಳು. ಅಂಗಡಿಯಲ್ಲಿ ಯೇರೋ ಜಲ್ಲೋ ಒಬ್ಬನೇ ಇದ್ದ. ಅವಳನ್ನು ಕಂಡದ್ದೇ ಎದ್ದು ನಿಂತ, ಸ್ಟೂಲು ಒರೆಸಿ ಮುಂದಿಟ್ಟ. ಅವಳು ಕೂರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಹೊರಡುವಾಗ ಹೇಗೋ ಸ್ನಾನ ಮಾಡಿ ಮಡಿಯುಟ್ಟುಕೊಂಡುಬಿಟ್ಟಿತು. "ನೀವು," ಎಂದಳು, "ನೀವು ಬಹುಶಃ ಸ್ವಲ್ಪ ಕಳ್ಳರು ಅಂತ ನನ್ನ ಅಭಿಪ್ರಾಯ." ಅವನು ತಲೆ ಬಾಗಿಸಿ ಗಂಭೀರವಾಗಿ, "ಮೇಡಂ ಹೇಳಿದ್ಮೇಲೆ ಇರಬಹುದು" ಎಂದ. ಅವನ ತುಟಿ ಒಂದಿಷ್ಟು ಅದುರಿದಂತೆ ಕಂಡಿತು, ನಗುವೋ ನೋವೋ ಗೊತ್ತಾಗಲಿಲ್ಲ. ಅವಳು ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಹಿಂದೆ ತಿರುಗಿದಳು. ಬೈಯುವುದು ಇಷ್ಟು ಕಷ್ಟದ ಕೆಲಸ ಎಂದು ತಿಳಿದಿದ್ದರೆ, ಹಾಸಿಗೆಯ ಗಿರಾಕಿಗಳ ಮೇಲೆ ಅವಳಿಗೆ ಇನ್ನೂ ಹೆಚ್ಚು ಗೌರವ ಇರುತ್ತಿತ್ತು.

ಸಂಜೆ ಅಮ್ಮನ ಫೋನು ಬಂತು. ಅಮ್ಮ ಫೋನಿನಲ್ಲೂ ಪಿಸುದನಿಯವಳೇ. ಪಕ್ಕದಲ್ಲಿ ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎಂಬಂತೆ. ಇಂಥದ್ದನ್ನು ಅಮ್ಮನಿಗೆ ಹೇಳಬಾರದು ಎಂದುಕೊಂಡೇ ಮುತೇಸಿ ಹೇಳಿದಳು: ಕುಲದ ಹೆಸರು, ಆಳು ಎಂದದ್ದು, ಅಜ್ಜನನ್ನು ಮೊಸರಿಗೆ ಕೊಂಡದ್ದು, ಎಲ್ಲ. ಅಯ್ಯೋ, ಹಳೆಯ ಗಾಯಕ್ಕೆ ಕೈ ಹಾಕಿದೆನಲ್ಲ ಎಂದು ತನ್ನನ್ನೇ ಹಳಿದುಕೊಂಡಳು. ಆ ಕಡೆಯಿಂದ ಏನೋ ಗೊರಗೊರ ಸದ್ದು, ನೆಟ್‌ವರ್ಕು ಎಂದುಕೊಂಡಳು. ಅಮ್ಮ ನಗುತ್ತಿದ್ದಳು.

"ನಮ್ಮಲ್ಲೂ ಇತ್ತು ಕಣೇ ಇದು," ಎಂದಳು ಅಮ್ಮ. "ನಿಮ್ಮಜ್ಜನ ಹತ್ರ ಒಬ್ಬ ಬರ್ತಿದ್ದ, ಬೇರೆ ಕುಲದೋನು. ಅಜ್ಜ ಹೊಸ ಮನೆಗೆ ಜಾಗ ನೋಡಿದ್ರೆ, ಮೊದ್ಲು ಅವನು ಬಂದು ಬೈದು ಹೋಗ್ಬೇಕು. 'ಇಂಥ ಕೊಳಕನಿಗೆ ಇಷ್ಟು ಚೆಂದದ ಬೆಟ್ಟ ಯಾಕಯ್ಯಾ, ನೀನು ಬಂದ್ಮೇಲೆ ದನಾನೂ ಇಲ್ಲಿ ಸಗಣಿ ಹಾಕಲ್ಲ' ಅಂತ ಕೂಗೋನು. ಅಜ್ಜ ಬಿದ್ದೂ ಬಿದ್ದೂ ನಗೋರು. ಅವನು ಬೈಯ್ದೆ ಒಂದು ಕಂಬ ನೆಡ್ತಿರ್ಲಿಲ್ಲ."

"ನೀನು ಯಾವತ್ತೂ ಹೇಳ್ಲೇ ಇಲ್ವಲ್ಲಮ್ಮಾ."

"ಏನು ಹೇಳ್ಲಿ? ಆಮೇಲೆ ಬೈಗುಳ ನಿಜ ಆಗ್ಬಿಡ್ತು. ನಿಜ ಆದ್ಮೇಲೆ ತಮಾಷೆಗೆ ಬೈಯೋ ಧೈರ್ಯ ಯಾರಿಗಿತ್ತು?" ಮತ್ತೆ, ಚಿಕ್ಕ ಹುಡುಗಿಯ ಕುತೂಹಲದಲ್ಲಿ, "ಅಲ್ಲಿ ಇನ್ನೂ ಬೈತಾರಾ? ಬೀದೀಲೇ? ಜೋರಾಗಿ?" ಎಂದು ಕೇಳಿದಳು.

"ಹೂಂ. ಇಡೀ ಬೀದಿಗೆ ಕೇಳತ್ತೆ."

"ಪುಣ್ಯವಂತರು," ಎಂದಳು ಅಮ್ಮ. "ಹೋಗಿ ಬೈಯೇ ಮಗಳೇ. ನಂದೂ ಒಂದು ಸೇರಿಸಿ ಬೈ." ಹೇಳುತ್ತ ಹೇಳುತ್ತ ಅವಳ ದನಿ ಪಿಸುಮಾತಿನಿಂದ ಮೇಲೆದ್ದು ಮಾಮೂಲು ಹೆಂಗಸರ ದನಿಯಾಗಿತ್ತು, ಅಮ್ಮನಿಗೆ ಅಂಥದೊಂದು ದನಿ ಇದೆಯೆಂದು ಮುತೇಸಿಗೆ ಗೊತ್ತೇ ಇರಲಿಲ್ಲ.

ಬೆಳಗಾಯಿತು. ಟಗರನ್ನು ಆಗಲೇ ಕೆಳಗಿಳಿಸಿದ್ದರು, ಬಾಗಿಲಲ್ಲಿ ಹಗ್ಗ ಮಾತ್ರ ಉಳಿದಿತ್ತು. ಅಂಗಳದಲ್ಲಿ ಶಾಮಿಯಾನ, ಬಾಡಿಗೆ ಕುರ್ಚಿ, ಗಂಜಿ ತೊಳಸುವ ಹೆಂಗಸರ ಕೇಕೆ, ಇಮಾಮರಿಗೆ ಹಾಸಿದ ಚಾಪೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಣ್ಣಬಣ್ಣದ ಉಡುಪುಗಳು ಸರಬರ ಎನ್ನುತ್ತಿದ್ದವು. ಮುತೇಸಿ ಹೊಸ ಬಟ್ಟೆ ತೊಟ್ಟು, ಮೀಟಿಂಗು ಮುಗಿಸಿ ಒಂದೇ ಉಸಿರಿಗೆ ಇಳಿದುಬರುತ್ತೇನೆಂದು ಯಾಯ್‌ಗೆ ಹೇಳಿ, ಕೋಣೆಯೊಳಗೆ ಇಂಟರ್ನೆಟ್ಟು ಸರಿಯಿಲ್ಲದ್ದರಿಂದ ತಾರಸಿಯ ಕಟ್ಟೆಯ ಬಳಿಯೇ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದಳು. ಪರದೆಯ ತುಂಬ ಚಳಿಯ ದೇಶದ ಮುಖಗಳು, ಒಂದೊಂದೂ ತನ್ನ ಚೌಕದಲ್ಲಿ ಅಚ್ಚುಕಟ್ಟಾಗಿ. ಹಿಲ್ಡೆ ಮುಗುಳ್ನಕ್ಕು, "ಮುತೇಸಿ, ಶುರುಮಾಡಿ" ಎಂದಳು. "ಪ್ರಿಯ ಗ್ರಾಹಕರೇ," ಎಂದು ಮುತೇಸಿ ಓದತೊಡಗಿದಳು, "ನಿಮ್ಮ ನಿದ್ದೆಗೆ ನಮ್ಮಿಂದ ಉಂಟಾದ ಭಂಗಕ್ಕೆ ನಮ್ಮ ಮನಸ್ಸು ನಿಜವಾಗಿ ನೊಂದಿದೆ. ನಿಮ್ಮ ಅಸಮಾಧಾನ ಸಂಪೂರ್ಣ ನ್ಯಾಯವಾದದ್ದು..." ಕಣ್ಣಂಚಿನಲ್ಲಿ ಕೆಳಗಿನ ಬೀದಿ ಕಾಣುತ್ತಿತ್ತು. ಯೇರೋ ಜಲ್ಲೋ ಅಂಗಡಿಯಿಂದ ಹೊರಗೆ ಬಂದ. ಮೈಮೇಲೆ ಹಬ್ಬಕ್ಕೆಂದೇ ಹೊಲಿದುಕೊಂಡ ನೀಲಿ ನಿಲುವಂಗಿ. ಹೊಲಿದುಕೊಂಡಿದ್ದ, ಆದರೂ ಹೋಗುತ್ತಿದ್ದ. ಹೆಗಲಿಗೆ ಚೀಲ ಹಾಕಿ, ಎರಡೂ ಕೈಯಿಂದ ಅಂಗಡಿಯ ತಗಡಿನ ಬಾಗಿಲು ಎಳೆದು, ಬೀಗ ಹಾಕಿ, ಫಾಯ್ ಮನೆಯ ಶಾಮಿಯಾನವನ್ನು ಒಂದು ಗಳಿಗೆ ನೋಡಿ, ಬಸ್ಸಿನ ದಾರಿ ಹಿಡಿದ. ವಯಸ್ಸಾದವನ ನಡಿಗೆ. ಇಷ್ಟು ದಿನ ಕೂತದ್ದನ್ನೇ ನೋಡಿ ಅವನಿಗೆ ವಯಸ್ಸಾಗಿದೆಯೆಂದು ಅವಳಿಗೆ ತಿಳಿದಿರಲಿಲ್ಲ. "...ನಿಮ್ಮನ್ನು ಕಳೆದುಕೊಳ್ಳುವುದು," ಎಂದು ಓದುತ್ತಿದ್ದ ಅವಳ ಬಾಯಿ ಅಲ್ಲಿಗೆ ನಿಂತಿತು.

ಅವಳು ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಕಟ್ಟೆಗೆ ಹೊಟ್ಟೆ ಒತ್ತಿ ಬಗ್ಗಿ, ಹುಟ್ಟಿದಾಗ ಅತ್ತ ಮೇಲೆ ಮತ್ತೆಂದೂ ಬಳಸದಿದ್ದ ಗಂಟಲು ತೆಗೆದು ಕೂಗಿದಳು: "ಏಯ್ ಜಲ್ಲೋ! ಎಲ್ಲಿಗೋ ಓಡ್ತಾ ಇದ್ದೀಯಾ, ದನಗಳ್ಳಾ!"

ಬೀದಿಗೆ ಬೀದಿಯೇ ನಿಂತಿತು. ಗಂಜಿ ತೊಳಸುವ ಸೌಟು ನಿಂತಿತು. ಅವಳ ಬಾಯಿ ಯಾರದೋ ಎಂಬಂತೆ ತನ್ನ ಪಾಡಿಗೆ ನಡೆದಿತ್ತು. "ಒಡೇರ ಮನೇಲಿ ಹಬ್ಬ ಇಟ್ಕೊಂಡು ಆಳು ಊರು ಬಿಟ್ಟು ಓಡೋದಾ? ಯಾರೋ ರಜಾ ಕೊಟ್ಟೋರು ನಿಂಗೆ? ನಿಮ್ಮಜ್ಜನ್ನ ನಮ್ಮಜ್ಜ ಒಂದು ಬೊಗಸೆ ಸಜ್ಜೆಗೆ ಕೊಂಡಿದ್ದ ಕಣೋ, ಅದೂ ಹುಳ ಹಿಡಿದ ಸಜ್ಜೆ! ಹಾಲು ಕುಡ್ದೂ ಕುಡ್ದೂ ನಿಂಗೆ ಬುದ್ಧಿ ಹೆಪ್ಪುಗಟ್ಟಿದೆ! ಮೊಸರು ತಂದ್ಯೋ ಸರಿ, ಇಲ್ಲಾಂದ್ರೆ ಕೆಳಗೆ ಬಂದು ಕಿವಿ ಹಿಡ್ಕೊಂಡು ಎಳ್ಕೊಂಡು ಬರ್ತೀನಿ! ಇದು ನಮ್ಮಮ್ಮಂದು," ಎಂದು ಉಸಿರೆಳೆದುಕೊಂಡು, "ಕೊಳಕಾ!" ಎಂದು ಸೇರಿಸಿದಳು.

ಯೇರೋ ಜಲ್ಲೋ ಬೆನ್ನು ತೋರಿಸಿಯೇ ನಿಂತಿದ್ದ. ಆ ನಿಂತ ಗಳಿಗೆ ಮುತೇಸಿಗೆ ಬಲು ಉದ್ದವಾಯಿತು. ಮುಗಿಯಿತು, ಮುದುಕನ ಮರ್ಯಾದೆಯನ್ನು ನಡುಬೀದಿಯಲ್ಲಿ ಕಳೆದೆ, ನಮ್ಮ ಊರಲ್ಲಿ ಶುರುವಾದದ್ದೂ ಹೀಗೇ ತಾನೇ, ಯಾರೋ ಒಬ್ಬರು ದನಿಯೆತ್ತಿ ಕೂಗಿದ್ದರಿಂದ ತಾನೇ ಎಂದುಕೊಂಡು ಕಟ್ಟೆಯಿಂದ ಹಿಂದೆ ಸರಿದಳು. ಅವನು ಮೆಲ್ಲಗೆ ತಿರುಗಿದ. ಕೈಯನ್ನು ಹಣೆಗೆ ಅಡ್ಡ ಹಿಡಿದು ತಾರಸಿಯ ಕಡೆ ಕಣ್ಣು ಕಿರಿದು ಮಾಡಿದ.

"ಯಾರದು ಮೇಲೆ ಅರಚೋದು?" ಎಂದು ಬೀದಿಯನ್ನೇ ಕೇಳಿದ. "ಟಗರು ಕೊಯ್ದಾಯ್ತು ಅಂದ್ರಲ್ಲಾ, ಇನ್ನೊಂದು ಉಳ್ಕೊಂಡಿದೆಯಾ?" ಬೀದಿ ಹೋ ಎಂದಿತು. ಅವನ ದನಿ ಏರುತ್ತ ಏರುತ್ತ ಬಿರುಕುಬಿಟ್ಟಿತು. "ಫಾಯ್ ಮನೆ ಹೊಟ್ಟೆಬಾಕಿ! ಇಷ್ಟು ದಿನ ಬಾಯ್ತುಂಬ ಅನ್ನ ಇತ್ತು, ಅದಕ್ಕೇ ಮಾತು ಬರ್ಲಿಲ್ಲ! ನಮ್ಮ ಮೊಸರಿಲ್ದೆ ನಿಮ್ಮ ಗಂಜೀನ ಗೋಡೆಗೆ ಬಳೀಬೇಕು ಕಣೇ! ಬಂದೆ ಇರು, ಆ ಮಗೂನ ಕದ್ಕೊಂಡು ಹೋಗಿ ದನ ಕಾಯೋಕೆ ಹಾಕ್ತೀನಿ!" ಬೀಗದ ಕೈಯನ್ನು ಜೇಬಿನಲ್ಲಿ ತಡಕಾಡುತ್ತ, ಸಿಕ್ಕದೆ ತನ್ನನ್ನೂ ಬೈದುಕೊಳ್ಳುತ್ತ ಅವನು ಅಂಗಡಿಗೆ ವಾಪಸು ಓಡಿದ. ಮೊಸರಿನ ಸೋರೆಬುರುಡೆ ಅಂಗಡಿಯೊಳಗೇ ಇತ್ತು. ತರುವ ಆಸೆ ಬಿಡಲಾರದೆ ತರಿಸಿಟ್ಟಿದ್ದ.

ಪರದೆಯ ಚೌಕಗಳಲ್ಲಿ ಯಾರೂ ಅಲುಗಾಡುತ್ತಿರಲಿಲ್ಲ. "ಮುತೇಸಿ," ಎಂದಳು ಹಿಲ್ಡೆ ಮೆಲ್ಲಗೆ, "ನೀವು ಕ್ಷೇಮವಾ? ಯಾರಿಗಾದ್ರೂ ಫೋನ್ ಮಾಡಬೇಕಾ?" ಮುತೇಸಿ ಬಿದ್ದ ಕುರ್ಚಿ ಎತ್ತಿದಳು, ಕೂರಲಿಲ್ಲ. "ಏನಿಲ್ಲ, ನೆಂಟರನ್ನ ಊಟಕ್ಕೆ ಕರೀತಿದ್ದೆ," ಎಂದಳು. "ಉಳಿದದ್ದು ಮುಂದಿನ ವಾರ ಓದ್ತೀನಿ." ಲ್ಯಾಪ್‌ಟಾಪು ಮುಚ್ಚಿ, ಎರಡೆರಡು ಮೆಟ್ಟಿಲು ಹಾರುತ್ತ ಇಳಿದಳು. ತಾನು ಕ್ಷಮಿಸಿ ಎನ್ನಲಿಲ್ಲವೆಂಬುದು ಅರ್ಧ ದಾರಿಯಲ್ಲಿ ಹೊಳೆದು ಅವಳಿಗೆ ಅಲ್ಲೇ ನಗು ಬಂತು.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಇಮಾಮರು ಮಗುವಿನ ಕಿವಿಯಲ್ಲಿ ಹೆಸರು ಉಸುರಿದರು. ಗಂಜಿಯ ಮೇಲೆ ಮೊಸರು ಸುರಿದು ಯೇರೋ ಜಲ್ಲೋ ಯಾಯ್‌ಳನ್ನು ಮುದಿಗೂಬೆ ಎಂದ, ಯಾಯ್ ಅವನಿಗೆ ಸೌಟು ಬೀಸಿದಳು, ಬೀಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಈ ಸಲ ಧೂಳೆಂದು ಹೇಳಲಿಲ್ಲ. ಯಾರೂ ನೋಡದ ಹೊತ್ತಿನಲ್ಲಿ, ಎಂದರೆ ಎಲ್ಲರೂ ನೋಡುತ್ತಿರುವಾಗ, ಅವನು ಮಗುವನ್ನೆತ್ತಿಕೊಂಡು ಬೀದಿಗೆ ಓಡಿದ. ತೆನಿಂಗ್ ಹಾಸಿಗೆಯಿಂದಲೇ "ಕಳ್ಳ, ಕಳ್ಳ" ಎಂದು ಸಂತೋಷದಿಂದ ಕೂಗಿದಳು. ಮುತೇಸಿಯೇ ಅಟ್ಟಿಸಿಕೊಂಡು ಹೋಗಿ, ಅವನು ಏದುಸಿರಿನಿಂದ ನಿಂತ ಕಡೆ ಮಗುವನ್ನು ಬಿಡಿಸಿಕೊಂಡು ಬಂದಳು. ಮಧ್ಯಾಹ್ನ ಅಂಗಳದಲ್ಲಿ ದೊಡ್ಡ ದೊಡ್ಡ ಬೋಗುಣಿಗಳಲ್ಲಿ ಮಾಂಸದನ್ನ ಇಟ್ಟರು, ಒಂದೊಂದರ ಸುತ್ತ ಏಳೆಂಟು ಜನ ಮಂಡಿಯೂರಿ ಕೂತರು. ಜಲ್ಲೋ ಎಲ್ಲರನ್ನೂ ಜರುಗಿಸಿ ಮುತೇಸಿಯ ಪಕ್ಕಕ್ಕೇ ಬಂದು ಕೂತ. ಯಾಯ್ ಎಂದಿನಂತೆ ತೊಡೆಯ ಮೆತ್ತನೆಯ ತುಂಡೊಂದನ್ನು ಬಿಡಿಸಿ ಮುತೇಸಿಯ ಮುಂದಿನ ಅನ್ನದ ಮೇಲೆ ಇಟ್ಟಳು. ಬೋಗುಣಿಯಲ್ಲಿ ಅತಿಥಿಯ ಮುಂದಿಟ್ಟ ತುಂಡನ್ನು ಆ ಊರಲ್ಲಿ ಯಾರೂ ಮುಟ್ಟುವುದಿಲ್ಲ. ಮುತೇಸಿ ಬಂದಾಗಿನಿಂದ ಅವಳ ತುಂಡನ್ನು ಯಾರೂ ಮುಟ್ಟಿರಲಿಲ್ಲ. ಯೇರೋ ಜಲ್ಲೋ ಯಾರ ಜೊತೆಗೋ ಮಳೆಯ ಮಾತಾಡುತ್ತ, ಅತ್ತ ನೋಡದೆಯೇ ಕೈ ಚಾಚಿ ಅದನ್ನು ಎತ್ತಿ ತನ್ನ ಬಾಯಿಗೆ ಹಾಕಿಕೊಂಡ.

ಬೋಗುಣಿಯ ಸುತ್ತ ಎಲ್ಲರ ಕೈ ನಿಂತಿತು. ಮುತೇಸಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು, ನಗು ತಡೆಯಲಾಗುತ್ತಿರಲಿಲ್ಲ. "ಉಗುಳೋ ಕಳ್ಳಾ, ಅದು ನಂದು!" ಎಂದು ಬೀದಿಯ ಕೊನೆಯವರೆಗೆ ಕೇಳುವಂತೆ ಕೂಗಿದಳು.